ಮರಿಹಕ್ಕಿಯ ಬಳುವಳಿ

ಕೋಳಿಗಳಿಗೆ ಬರುವ ಒಂದು ಬೇನೆಯನ್ನು ನಮ್ಮ ಕಡೆ ಕೊಕ್ಕರೆ ರೋಗವೆನ್ನುತ್ತಾರೆ. ಪುಸ್ತಕಗಳಲ್ಲಿ ಅದರ ಹೆಸರು ರಾಣಿಖೇತ್ ರೋಗ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಅದು ಹಳೇಬೀಡಿನ ನಮ್ಮ ಅಜ್ಜಿಯ ಮನೆಯ ಹಿತ್ತಿಲಿಗೂ ಬಂದಿತು. ಮಂಕರಿಯ ಕೆಳಗಿದ್ದ ಹದಿನಾಲ್ಕು ಮರಿಗಳಲ್ಲಿ ವಾರ ಕಳೆಯುವಷ್ಟರಲ್ಲಿ ಉಳಿದವು ಮೂರು. ಸತ್ತವನ್ನು ಹೂಳಿ ಬಂದ ಅಜ್ಜಿ ಕೈ ತೊಳೆಯುತ್ತಾ, “ಮೂರು ವರ್ಷದಿಂದ ಒಂದೇ ಹುಂಜನ ತಳಿ ಕಣ್ ಮಗಾ. ಬೇರೆ ಊರಿಂದ ಒಂದು ಹುಂಜ ತರ್ಬೇಕಾಗಿತ್ತು” ಎಂದರು.

ಕೊಕ್ಕರೆ ರೋಗವನ್ನು ತಡೆಯುವುದು ಲಸಿಕೆಯೇ ಹೊರತು ಪರವೂರಿನ ಹುಂಜವಲ್ಲವೆಂದು ಆಗ ನಾನು ಅಜ್ಜಿಗೆ ಬುದ್ಧಿ ಹೇಳಿದೆ. ಆ ಮಾತು ಸುಳ್ಳಲ್ಲ. ಆದರೆ ಅಜ್ಜಿಯ ಮಾತಿನಲ್ಲಿಯೂ ಒಂದು ದೊಡ್ಡ ಸತ್ಯವಿತ್ತೆಂದು ತಿಳಿಯಲು ನನಗೆ ಕಾಲೇಜಿನ ಗ್ರಂಥಾಲಯ ಬೇಕಾಯಿತು. ಇತಿಹಾಸದ ವಿದ್ಯಾರ್ಥಿಯಾದ ನಾನು ಪ್ರಾಣಿಶಾಸ್ತ್ರದ ಮಾತಿಗೆ ಕೈಹಾಕಿರುವುದನ್ನು ಅಧ್ಯಾಪಕರು ಮನ್ನಿಸಬೇಕು.

ಪ್ರತಿಯೊಂದು ಮರಿಯೂ ತನ್ನ ವಂಶವಾಹಿಗಳಲ್ಲಿ ಒಂದು ಪ್ರತಿಯನ್ನು ತಂದೆಯಿಂದಲೂ ಇನ್ನೊಂದನ್ನು ತಾಯಿಯಿಂದಲೂ ಪಡೆಯುತ್ತದೆ. ಒಂದರಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಇನ್ನೊಂದು ಅದನ್ನು ಮರೆಸಿ ಕೆಲಸ ಸಾಗಿಸುತ್ತದೆ. ಆದರೆ ತಂದೆತಾಯಿಗಳು ಹತ್ತಿರದ ರಕ್ತಸಂಬಂಧಿಗಳಾಗಿದ್ದರೆ ಒಂದೇ ದೋಷದ ಎರಡು ಪ್ರತಿಗಳು ಮರಿಯಲ್ಲಿ ಕೂಡುವ ಸಂಭವ ಹೆಚ್ಚು. ಆಗ ಮೊಟ್ಟೆ ಒಡೆಯದೆ ಹೋಗಬಹುದು, ಒಡೆದರೂ ಮರಿ ಬಲಹೀನವಾಗಬಹುದು.

ರೋಗನಿರೋಧದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಕ್ಕಿಮರಿ ತಾಯಿಯಿಂದ ಮೊಟ್ಟೆಯ ಹಳದಿಯ ಮೂಲಕ ಸ್ವಲ್ಪ ರಕ್ಷಣೆಯನ್ನು ಪಡೆದೇ ಹುಟ್ಟುತ್ತದೆ. ಈ ಬುತ್ತಿ ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ರೋಗಾಣುವನ್ನು ಗುರುತಿಸುವ ಕೆಲಸ ಮರಿಯ ಸ್ವಂತ ದೇಹದ್ದು. ಅದಕ್ಕೆ ಬೇಕಾದ ವಂಶವಾಹಿಗಳ ಗುಂಪೊಂದುಂಟು. ಇವು ಬೀಗದ ಕೈಗಳ ಗೊಂಚಲಿನಂತೆ. ಎರಡು ಕಡೆಯಿಂದ ಬೇರೆಬೇರೆ ಕೈಗಳು ಬಂದ ಮರಿ ಹೆಚ್ಚು ಬಗೆಯ ರೋಗಾಣುಗಳನ್ನು ಗುರುತಿಸಬಲ್ಲದು. ಕೋಳಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ಹಂಗೆರಿಯ ಪಶುವೈದ್ಯ ಯೋಸೆಫ್ ಮಾರೆಕ್ 1907ರಲ್ಲಿ ವರ್ಣಿಸಿದ, ಎಳೆಯ ಕೋಳಿಗಳ ಕಾಲು ರೆಕ್ಕೆಗಳನ್ನು ಸೋಲಿಸಿ ಕೊಲ್ಲುವ ರೋಗಕ್ಕೆ ಈ ಗುಂಪಿನ ಒಂದು ಬಗೆಯನ್ನು ಪಡೆದ ಕೋಳಿಗಳು ಚೆನ್ನಾಗಿ ಎದುರು ನಿಲ್ಲುತ್ತವೆ. ಇನ್ನೊಂದು ಬಗೆಯವು ಸುಲಭವಾಗಿ ತುತ್ತಾಗುತ್ತವೆ. ಹಿಂಡಿನಲ್ಲಿ ಎಲ್ಲವೂ ಎರಡನೆಯ ಬಗೆಯವೇ ಆಗಿದ್ದರೆ ಗತಿಯೇನೆಂದು ವಾಚಕರೇ ಊಹಿಸಬಹುದು.

ಮನೆಯ ಕೋಳಿಗಾದರೆ ಬೇರೆ ಹುಂಜವನ್ನು ತರಲು ಅಜ್ಜಿಯರಿದ್ದಾರೆ. ಕಾಡುಹಕ್ಕಿಗೆ ಯಾರಿದ್ದಾರೆ? ಅಮೆರಿಕದ ಇಲಿನಾಯ್ ಪ್ರಾಂತದ ಹುಲ್ಲುಗಾವಲುಗಳಲ್ಲಿ ಒಂದು ಜಾತಿಯ ಕಾಡುಕೋಳಿಯಿದೆ. ಹುಲ್ಲುಗಾವಲನ್ನು ಉತ್ತು ಹೊಲ ಮಾಡಿದಂತೆಲ್ಲಾ ಅದರ ನೆಲೆ ತುಂಡುತುಂಡಾಯಿತು. 1962ರಲ್ಲಿ ಸುಮಾರು 2,000ದಷ್ಟಿದ್ದ ಹಕ್ಕಿಗಳು 1994ರ ವೇಳೆಗೆ 50ಕ್ಕೂ ಕಡಿಮೆಯಾದವು. ಉಳಿದ ಹುಲ್ಲುಗಾವಲನ್ನು ಕಾಪಾಡಿದರೂ ಸಂಖ್ಯೆ ಏರಲಿಲ್ಲ. ಮೊಟ್ಟೆಗಳೇ ಸರಿಯಾಗಿ ಮರಿಯಾಗುತ್ತಿರಲಿಲ್ಲ. 1992ರಿಂದ ಮಿನಸೋಟ, ಕ್ಯಾನ್ಸಸ್, ನೆಬ್ರಾಸ್ಕ ಪ್ರಾಂತಗಳ ಹಕ್ಕಿಗಳನ್ನು ತಂದು ಬಿಟ್ಟ ಮೇಲೆ ಮೊಟ್ಟೆಗಳು ಮತ್ತೆ ಚೆನ್ನಾಗಿ ಒಡೆಯತೊಡಗಿದವು. ಇದನ್ನು ಓದಿದ ದಿನ ನನಗೆ ಅಜ್ಜಿಯ ಮಾತು ನೆನಪಾಯಿತು. ಅವರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು, ತಪ್ಪೊಪ್ಪಿಕೊಳ್ಳಲು ಅವಕಾಶವಿರಲಿಲ್ಲ.

ಇಂಥ ಸ್ಥಿತಿ ನಮ್ಮ ನಾಡಿನ ಒಂದು ಹಕ್ಕಿಗೂ ಒದಗಿದೆ. ಅದು ಎರೆಭೂತವೆಂದು ಬಯಲುಸೀಮೆಯ ಜನ ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್. ಒಂದು ಕಾಲಕ್ಕೆ ಭಾರತದ ಒಣ ಹುಲ್ಲುಗಾವಲುಗಳಲ್ಲೆಲ್ಲಾ ಹರಡಿಕೊಂಡಿದ್ದ ಈ ಭಾರಿ ಹಕ್ಕಿ ಈಗ ದೇಶದಲ್ಲಿ ನೂರೈವತ್ತರ ಆಸುಪಾಸಿಗೆ ಇಳಿದಿದೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ಈಚಿನ ವರ್ಷಗಳಲ್ಲಿ ಕಂಡಿರುವುದು ಬೆರಳೆಣಿಕೆಯಷ್ಟು ಮಾತ್ರ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಬೇಟೆ, ನೆಲೆಯ ನಾಶ, ವಿದ್ಯುತ್ ತಂತಿಗಳು ಇದರ ಮೊದಲ ಶತ್ರುಗಳು. ಇವುಗಳ ಜೊತೆಗೆ, ಉಳಿದ ಹಕ್ಕಿಗಳಲ್ಲಿ ವಂಶವಾಹಿಗಳ ವೈವಿಧ್ಯ ತೀರ ಕಡಿಮೆಯೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ಮೊಟ್ಟೆಗಳನ್ನು ಸಂಗ್ರಹಿಸಿ ಮರಿಮಾಡಿಸಿ ಸಾಕುತ್ತಿದ್ದಾರೆ. ಅಲ್ಲಿಯೂ ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಬೇಕೆಂಬುದು ವಧೂವರರ ಗೋತ್ರ ವಿಚಾರಿಸಿದಷ್ಟೇ ಎಚ್ಚರಿಕೆಯಿಂದ ನಡೆಯಬೇಕಾದ ಕೆಲಸ.

ಹಾಗಾದರೆ ನಮ್ಮ ಕೆರೆಗಳ ಹಕ್ಕಿಗಳು ಸಾವಿರಾರು ಇವೆ, ಅವುಗಳಿಗೇಕೆ ಚಿಂತೆ ಎಂದು ಗೆಳೆಯರು ಕೇಳುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಿ. ಊರೊಳಗಿನ ಹುಣಿಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡಿಗೆ ಗೂಡು ತಾಗುವಂತೆ ಸಂಸಾರ ಹೂಡುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಊರವರು ಎತ್ತಿ ಮೀನು ತಿನ್ನಿಸಿ ಸಾಕುವುದುಂಟು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಇಷ್ಟು ಪ್ರೀತಿಯ ಊರಿನಲ್ಲಿಯೂ 2017-18ರಲ್ಲಿ ಹಲವು ಹೆಜ್ಜಾರ್ಲೆಗಳು ಜಂತುಹುಳುಗಳ ಬಾಧೆಯಿಂದ ಸತ್ತವು. ಆ ಸಾವಿಗೆ ವಂಶದ ಬಡತನ ಕಾರಣವೆಂದು ನಾನು ಹೇಳುತ್ತಿಲ್ಲ. ಒತ್ತಾಗಿ ಬಾಳುವ ಹಕ್ಕಿಗಳಲ್ಲಿ ರೋಗ ಬೇಗ ಹರಡಬಲ್ಲದು. ಹರಡಿದಾಗ ಎಲ್ಲವೂ ಒಟ್ಟಿಗೆ ಮಲಗದಂತೆ ಮಾಡುವುದು ಅವುಗಳೊಳಗಿನ ವ್ಯತ್ಯಾಸ ಎಂಬಷ್ಟನ್ನೇ ಹೇಳುತ್ತಿದ್ದೇನೆ.

ಆ ವ್ಯತ್ಯಾಸ ಉಳಿಯುವ ದಾರಿ ಸರಳ. ಒಂದು ಕೆರೆಯ ಹಕ್ಕಿ ಇನ್ನೊಂದು ಕೆರೆಗೆ ಹೋಗಬೇಕು, ಅಲ್ಲಿ ಜೋಡಿ ಕಂಡುಕೊಳ್ಳಬೇಕು. ಅದಕ್ಕೆ ನಡುವೆ ನೀರೂ ಮರವೂ ಇರಬೇಕು. ಅರಸೀಕೆರೆಯಿಂದ ಬೇಲೂರಿನವರೆಗೆ ಸಾಲುಸಾಲಾಗಿ ಕೆರೆ ಕಟ್ಟೆಗಳನ್ನು ಕಟ್ಟಿದ ಹಿರಿಯರು ಬೇಸಾಯವನ್ನಷ್ಟೇ ಯೋಚಿಸಿದ್ದಿರಬಹುದು. ಆದರೆ ಹಕ್ಕಿಗಳಿಗೂ ಅವು ತಂಗುದಾಣಗಳಾದವು. ಒಂದು ಕೆರೆ ಹೂತುಹೋದರೆ, ಏರಿಯ ಮೇಲಿನ ಒಂದು ಹಳೆಯ ಮರ ಉರುಳಿದರೆ, ಹಕ್ಕಿಗಳ ಲೆಕ್ಕ ಆ ವರ್ಷವೇ ಕುಗ್ಗದಿರಬಹುದು. ನಷ್ಟ ಕಾಣುವುದು ಮುಂದೆ, ಗೂಡಿನೊಳಗೆ.

ಹೊಯ್ಸಳೇಶ್ವರನ ಗುಡಿಯ ಗೋಡೆಯಲ್ಲಿ ಆನೆ ಸಿಂಹಗಳ ಪಟ್ಟಿಕೆಗಳ ಮೇಲೆ ಹಂಸಗಳ ಸಾಲೊಂದಿದೆ. ದೂರದಿಂದ ಅವೆಲ್ಲ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಕಾಣುತ್ತವೆ. ಹತ್ತಿರ ಹೋಗಿ ನೋಡಿದರೆ ಒಂದೊಂದೂ ಉಳಿಯಿಂದ ಬೇರೆಬೇರೆಯಾಗಿ ಮೂಡಿದ್ದೆಂದು ತಿಳಿಯುತ್ತದೆ. ಅಲ್ಲಿಂದ ಹೊರಬಂದು ದ್ವಾರಸಮುದ್ರದ ಕೆರೆಯಂಚಿನಲ್ಲಿ ನಿಂತ ಬೆಳ್ಳಕ್ಕಿಗಳ ಸಾಲನ್ನು ನಾನೀಗ ಹಾಗೆಯೇ ನೋಡುತ್ತೇನೆ. ಅವು ಎಷ್ಟಿವೆಯೆಂದು ಎಣಿಸುವುದು ಸುಲಭ. ಎಷ್ಟು ಬಗೆಯಾಗಿ ಉಳಿದಿವೆಯೆಂಬುದೇ ಅವುಗಳ ಮರಿಗಳಿಗೆ ಸಲ್ಲುವ ಆಸ್ತಿ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮೂರಿನ ಕೆರೆಯ ಏರಿಯ ಮರಗಳು ನಿಂತಿವೆಯೇ ಎಂದು ಒಮ್ಮೆ ನೋಡಿಬನ್ನಿರೆಂದು ಸಹಪಾಠಿಗಳಲ್ಲಿ ನನ್ನ ಪ್ರಾರ್ಥನೆ.