ಒಂಟಿತನಕ್ಕೆ ಗುಳಿಗೆ ಇಲ್ಲ, ಮಾತಿದೆ

ರಾವೂರಿನ ನನ್ನ ಚಿಕಿತ್ಸಾಲಯಕ್ಕೆ 68 ವರ್ಷದ ತಾಯಿಯೊಬ್ಬರು ಬರುತ್ತಿದ್ದರು. "ನಿದ್ದಿ ಬರವಲ್ದ್ರಿ ಸಾಹೇಬ್ರ, ಊಟ ಸೇರವಲ್ದು" ಎಂಬುದು ಅವರ ದೂರು. ರಕ್ತದೊತ್ತಡ 170/100. ಗುಳಿಗೆಯ ಪ್ರಮಾಣ ಹೆಚ್ಚಿಸಿದೆ. ನಿದ್ರೆಗೆಂದು ಮತ್ತೊಂದು ಬರೆದುಕೊಟ್ಟೆ. ನಾಲ್ಕು ತಿಂಗಳಾದರೂ ಗುಣ ಕಾಣಲಿಲ್ಲ.

ಕೊನೆಗೊಂದು ದಿನ, "ಮನ್ಯಾಗ ಯಾರ್ಯಾರು ಇದ್ದೀರಿ ಯವ್ವಾ?" ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. "ನಾ ಒಬ್ಬಾಕಿನೇ" ಎಂದರು. ಪತಿ ತೀರಿಕೊಂಡು ಎರಡು ವರ್ಷ. ಒಬ್ಬನೇ ಮಗ ಜರ್ಮನಿಯಲ್ಲಿ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದಾನೆ. ತನ್ನೊಬ್ಬಳಿಗಾಗಿ ರೊಟ್ಟಿ ಬಡಿಯಲು ಮನಸ್ಸಾಗದೆ ಎಷ್ಟೋ ರಾತ್ರಿ ಬರೀ ಚಹಾ ಕುಡಿದು ಮಲಗುತ್ತಿದ್ದರು. ಊಟವಿಲ್ಲದ ದಿನ ಗುಳಿಗೆಯೂ ಇಲ್ಲ. ನಾನು ಹೆಚ್ಚಿಸಿದ್ದ ಔಷಧಿ ಡಬ್ಬಿಯಲ್ಲೇ ಉಳಿದಿತ್ತು!

ಒಂಟಿತನವೂ ಕಾಯಿಲೆಗೆ ದಾರಿ

ನಮ್ಮ ಭಾಗದಲ್ಲಿ ಇಂಥ ಮನೆಗಳು ಅಪರೂಪವಲ್ಲ. ವಾಡಿ, ಶಹಾಬಾದ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆ, ಫರಸಿ ಗಣಿ, ರೈಲ್ವೆಗಳಲ್ಲಿ ದುಡಿದವರು ಮಕ್ಕಳನ್ನು ಓದಿಸಿದರು. ಓದಿದ ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರು ಸೇರಿದರು. ಕೆಲವರು ಕಡಲು ದಾಟಿದರು.

ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಖಿನ್ನತೆಗಳ ಅಪಾಯವನ್ನು ಅದು ಹೆಚ್ಚಿಸುತ್ತದೆ. ಮರೆಗುಳಿತನಕ್ಕೆ ಕಾರಣವಾಗುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಜನಸಂಪರ್ಕವಿಲ್ಲದಿರುವುದು, ಕಿವಿ ಮಂದವಾಗುವುದು ಎರಡೂ ಅದರಲ್ಲಿವೆ.

ಬೀಗತಿಯರ ಭಾನುವಾರ

"ಮಗ ಫೋನ್ ಮಾಡುವುದಿಲ್ಲವೇ?" ಎಂದೆ. "ಮಾಡ್ತಾನ್ರಿ. ನನಗ ಕೇಳಸಂಗಿಲ್ಲ, ಇಟ್ಟುಬಿಡ್ತೀನಿ" ಎಂದರು. ಕಿವಿ ನೋಡಿದರೆ ಎರಡರಲ್ಲೂ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಸಿದ ಮೇಲೆ ಪಕ್ಕದ ಮನೆಯ ಕಾಲೇಜು ಹುಡುಗಿ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕರೆ ಮಾಡುವುದನ್ನು ಕಲಿಸಿದಳು.

ಒಂದು ಭಾನುವಾರ ಪರದೆಯ ಮೇಲೆ ಸೊಸೆಯ ತಾಯಿಯೂ ಕಾಣಿಸಿಕೊಂಡರು. ಅವರೂ ಒಂಟಿ. ಇವರಿಗೆ ಜರ್ಮನ್ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಮಗ, ಸೊಸೆ ದುಭಾಷಿಗಳು. ಇವರು ಜೋಳದ ರೊಟ್ಟಿ ಬಡಿದು ತೋರಿಸಿದರು; ಅವರು ತಾವು ಮಾಡಿದ ಬ್ರೆಡ್ಡನ್ನೂ ಕಿಟಕಿಯಾಚೆಯ ಹಿಮವನ್ನೂ ತೋರಿಸಿದರು. ನಮ್ಮಲ್ಲಿ ಸಂಜೆ 7 ಆದಾಗ ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಎರಡೂವರೆ. ಈಗ ವಾರವೆಲ್ಲ ಆ ಹೊತ್ತಿಗೇ ಕಾಯುತ್ತಾರೆ. "ಏನ್ ಅಡಗಿ ಮಾಡೀರಿ ಅಂತ ಬೀಗತಿ ಕೇಳ್ತಾಳ್ರಿ, ಸುಳ್ಳು ಹ್ಯಾಂಗ ಹೇಳಲಿ?" ಎಂದು ನಕ್ಕರು.

ಮೂರು ತಿಂಗಳ ನಂತರ ರಕ್ತದೊತ್ತಡ 138/86. ನಿದ್ರೆಯ ಗುಳಿಗೆ ನಿಲ್ಲಿಸಿದ್ದೇನೆ. ಇದು ಫೋನಿನ ಪವಾಡವಲ್ಲ. ಊಟ, ಔಷಧಿ ಕ್ರಮಕ್ಕೆ ಬಂದವು. ಆದರೆ ಅವನ್ನು ಕ್ರಮಕ್ಕೆ ತಂದದ್ದು, ಕೇಳುವವರಿದ್ದಾರೆ ಎಂಬ ಭರವಸೆ.

ಹೊರದೇಶದ ಹಿರಿಯರಿಗೂ ಈ ಭರವಸೆ ಬೇಕು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರೊ. ಸುಗತ ಮಿತ್ರ ಅವರು 2009ರಲ್ಲಿ ಅಲ್ಲಿನ ಅಜ್ಜಿಯರಿಗೆ ಪತ್ರಿಕೆಯ ಮೂಲಕ ಕರೆ ಕೊಟ್ಟರು: ವಾರಕ್ಕೊಂದು ಗಂಟೆ ಭಾರತದ ಮಕ್ಕಳೊಡನೆ ಸ್ಕೈಪ್‌ನಲ್ಲಿ ಮಾತನಾಡುವಿರಾ? ನಿವೃತ್ತ ಶಿಕ್ಷಕರೂ ಸೇರಿದಂತೆ ಅನೇಕರು ಮುಂದೆ ಬಂದರು. ನಮ್ಮ ಪಕ್ಕದ ಹೈದರಾಬಾದಿನ ಬಡ ಮಕ್ಕಳೊಡನೆ ಕಥೆ ಹೇಳುತ್ತ, ಹರಟುತ್ತ ಕೂತರು. 'ಗ್ರಾನಿ ಕ್ಲೌಡ್' ಎಂದು ಅದು ಹೆಸರಾಯಿತು.

ಮನೆಯವರು ಗಮನಿಸಬೇಕಾದದ್ದು

* ಮೊದಲು ಹಿರಿಯರ ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಪಿನ್ನು, ಕಡ್ಡಿ ಹಾಕಿ ಗುಗ್ಗೆ ಕೆದಕಬೇಡಿ.
* ಕರೆಗೆ ದಿನ, ವೇಳೆ ಗೊತ್ತುಮಾಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತು ನಿಧಾನವಾಗಿ ಮಾತನಾಡಿ.
* ಮಲಗುವ ಒಂದು ಗಂಟೆ ಮೊದಲೇ ಫೋನ್ ಬದಿಗಿಡಲಿ.
* ಒಟಿಪಿ ಯಾರಿಗೂ ಹೇಳಬಾರದೆಂದು ತಿಳಿಸಿ. 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ. ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಿ.
* ಪರದೆಯ ಮಾತು ನೆರೆಹೊರೆಗೆ ಬದಲಿಯಲ್ಲ. ಸಂಜೆಯ ನಡಿಗೆ, ಗುಡಿಕಟ್ಟೆಯ ಹರಟೆ ಬಿಡದಿರಲಿ.
* ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಹಿರಿಯರ ಸಹಾಯವಾಣಿ 14567.

ದೂರದಲ್ಲಿರುವ ಮಕ್ಕಳೇ, ಇಂದು ಊರಿಗೆ ಕರೆ ಮಾಡಿದಾಗ "ಗುಳಿಗೆ ತಗೊಂಡ್ಯಾ?" ಎಂದು ಕೇಳುವ ಮೊದಲು "ಏನು ಅಡಗಿ ಮಾಡೀದಿ?" ಎಂದು ಕೇಳಿ. ಆ ಉತ್ತರದಲ್ಲಿ ಅರ್ಧ ತಪಾಸಣೆ ಮುಗಿದಿರುತ್ತದೆ.