ಕಾಡು ಬೇಯಿಸಿ ಕರಗಿಸಿದ ಕಬ್ಬಿಣ

ಕೆಮ್ಮಣ್ಣುಗುಂಡಿಗೆ ಹೋದವರು ಗುಲಾಬಿ ತೋಟ ನೋಡುತ್ತಾರೆ, ಝಡ್ ಪಾಯಿಂಟ್‌ವರೆಗೆ ನಡೆಯುತ್ತಾರೆ, ಮಂಜಿನಲ್ಲಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಅದೇ ಗುಡ್ಡವನ್ನು ದಶಕಗಳ ಕಾಲ ಅಗೆದು, ಅದಿರನ್ನು ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಭದ್ರಾವತಿಗೆ ಸಾಗಿಸುತ್ತಿದ್ದರು ಎಂದರೆ ಎಷ್ಟೋ ಜನ ನಂಬುವುದಿಲ್ಲ.

ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಚರಿತ್ರೆ ಶಾಲೆಯ ಪಾಠದಲ್ಲಿ ಬಂದಷ್ಟು ನಮಗೆಲ್ಲ ಗೊತ್ತು. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರು, ವಿಶ್ವೇಶ್ವರಯ್ಯನವರ ಹಟ, ನ್ಯೂಯಾರ್ಕಿನ ಪೆರಿನ್ ಆ್ಯಂಡ್ ಮಾರ್ಷಲ್ ತಜ್ಞರ ಸಲಹೆ, 1923ರಲ್ಲಿ ಹೊತ್ತಿದ ಕುಲುಮೆ. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ಸಂಸ್ಥಾನದ ಹಣ ನೀರುಪಾಲಾಯಿತೆಂದು ಟೀಕೆ ಎದ್ದಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಅದನ್ನು ದಡ ಹತ್ತಿಸಲು ಹೆಣಗಿದರು.

ನನ್ನ ಕುತೂಹಲ ಇರುವುದು ಇದ್ದಿಲಿನಲ್ಲಿ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಝರಿಯಾ, ರಾಣಿಗಂಜ್‌ನಿಂದ ತರಿಸಿದರೆ ಬಾಡಿಗೆಯೇ ನುಂಗಿಬಿಡುತ್ತದೆ. ಇದ್ದದ್ದು ಮಲೆನಾಡಿನ ಕಾಡು. ಆದರೆ ನಮ್ಮ ಕಡೆ ಇದ್ದಿಲು ಸುಡುವವರಂತೆ ಕಟ್ಟಿಗೆಗೆ ಮಣ್ಣು ಮೆತ್ತಿ ಬೆಂಕಿ ಇಟ್ಟರೆ ಹೊಗೆಯೆಲ್ಲ ಗಾಳಿಪಾಲು. ಭದ್ರಾವತಿಯಲ್ಲಿ ಕಟ್ಟಿಗೆಯನ್ನು ಗಾಳಿಯಾಡದ ಉಕ್ಕಿನ ಕೋಣೆಗಳಿಗೆ ತುಂಬಿ ಕಾಯಿಸುತ್ತಿದ್ದರು. ಮರ ಉರಿಯುವುದಿಲ್ಲ, ಬೇಯುತ್ತದೆ. ಏಳುವ ಹೊಗೆಯನ್ನು ಹಿಡಿದು ತಣಿಸಿದರೆ ಮೆಥನಾಲ್, ಡಾಂಬರು, ಸುಣ್ಣ ಸೇರಿಸಿದರೆ ಅಸಿಟೇಟ್. ಕೋಣೆಯಲ್ಲಿ ಉಳಿದದ್ದು ಇದ್ದಿಲು. ಅದನ್ನು ಅದಿರು, ಸುಣ್ಣಕಲ್ಲುಗಳ ಜೊತೆ ಊದುಕುಲುಮೆಗೆ ಸುರಿಯುತ್ತಿದ್ದರು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ, ಹಾಗಾಗಿ ಕಬ್ಬಿಣಕ್ಕೆ ಒಳ್ಳೆಯ ಗುಣ. ಒಂದೇ ತೊಂದರೆ: ಇದ್ದಿಲು ಭಾರ ತಡೆಯದೆ ಪುಡಿಯಾಗುತ್ತದೆ, ಕುಲುಮೆಯನ್ನು ಮನಬಂದಷ್ಟು ಎತ್ತರಕ್ಕೆ ಕಟ್ಟುವಂತಿಲ್ಲ.

ದೇವಿಮನೆ ಘಟ್ಟದ ಬುಡದ ಕತಗಾಲದ ನಮ್ಮಂಥವರಿಗೆ ಕಾಡೆಂದರೆ ನಾಟಾ, ಸೌದೆ, ಸೊಪ್ಪಿನ ಬೆಟ್ಟ, ಅಷ್ಟೇ. ಒಂದು ಮರದಿಂದ ಇಷ್ಟೆಲ್ಲ ಹಿಂಡಿಕೊಂಡ ಜಾಣ್ಮೆಗೆ ಬೆರಗಾಗಬೇಕೋ, ಹಾಗೆ ಬೆಂದುಹೋದ ಕಾಡಿಗೆ ಮರುಗಬೇಕೋ ತಿಳಿಯುವುದಿಲ್ಲ. ನಾನಂತೂ ಎರಡನ್ನೂ ಮಾಡುತ್ತೇನೆ. ಜೋಗದ ಕರೆಂಟು ಬಂದ ಮೇಲೆ, 1952ರ ಹೊತ್ತಿಗೆ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ತಲೆಯೆತ್ತಿದವು.

ಮುಂದಿನದು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಕಥೆ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು, 2016ರಲ್ಲಿ ಬಂಡವಾಳ ಹಿಂತೆಗೆತದ ಮಾತು ಬಂತು, 2023ರ ಜನವರಿಯಲ್ಲಿ, ನೂರು ತುಂಬಿದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ರೋಲಿಂಗ್ ಮಿಲ್ ಮತ್ತೆ ತಿರುಗಿತು.

ಮಿಲ್ಲು ಓಡಲಿ. ಆದರೆ ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕುವ ನಾವು ಹಳೆಯ ಯಂತ್ರ, ನಕ್ಷೆ, ಹಾಜರಿ ಪುಸ್ತಕಗಳಿಗೂ ಒಂದು ಸೂರು ಕೊಡಬಹುದಲ್ಲ. ಕೆಮ್ಮಣ್ಣುಗುಂಡಿಯ ಪ್ರವಾಸಿ ಕರಪತ್ರದಲ್ಲಿ ಗುಲಾಬಿಯ ಪಕ್ಕ ಗಣಿಗೂ ನಾಲ್ಕು ಸಾಲು ಸಿಗಬೇಕು. ಕಟ್ಟಿಗೆ ತುಂಬಿದವರ, ರೋಪ್‌ವೇ ಕಾಯ್ದವರ ಮಾತನ್ನು ಅವರಿದ್ದಾಗಲೇ ಕೂತು ಬರೆದುಕೊಳ್ಳಬೇಕಿತ್ತು. ಈಗ ಆ ನೆನಪು ಕೇಳಲು ಅವರ ಮೊಮ್ಮಕ್ಕಳ ಮನೆಗೆ ಹೋಗಬೇಕು.