ಮಕ್ಕಳನ್ನು ಪರ ಊರಿಗೆ ತರಬೇತಿಗೆ ಕಳಿಸುವ ಮುನ್ನ



ಇಂದಿನ ಓದು ತರಗತಿಯ ಕೋಣೆಯಲ್ಲೇ ಮುಗಿಯುವುದಿಲ್ಲ. ನಾನು ಬಿ.ಇಡಿ. ಮಾಡಿದಾಗ ಅದು ಒಂದು ವರ್ಷದ ಕೋರ್ಸು. 2014ರ ನಿಯಮಾವಳಿಯ ನಂತರ ಅದು ಎರಡು ವರ್ಷದ್ದಾಗಿ, ಅದರಲ್ಲಿ 20 ವಾರ ಶಾಲೆಗಳಲ್ಲಿ ಇಂಟರ್ನ್‌ಶಿಪ್ ಮಾಡಬೇಕಾಯಿತು. ಡಿ.ಫಾರ್ಮಾ ಓದಿದವರು 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಬೇಕು. ಪಾಲಿಟೆಕ್ನಿಕ್‌ನ ಸಿ-20 ಪಠ್ಯಕ್ರಮದಲ್ಲಿ ಆರನೇ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ಬಂದಿದೆ. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ತರಬೇತಿ ಇದ್ದರೆ ಮಾತ್ರ ಒಳ್ಳೆಯ ಕಾರ್ಖಾನೆಯ ಬಾಗಿಲು ಬೇಗ ತೆರೆಯುತ್ತದೆ.

ಮಾನ್ವಿ, ದೇವದುರ್ಗದ ಮಕ್ಕಳಿಗೆ ಇಂಥ ಅವಕಾಶ ಹೆಚ್ಚಾಗಿ ಸಿಗುವುದು ಬೆಂಗಳೂರು, ಹೈದರಾಬಾದ್, ಹುಬ್ಬಳ್ಳಿಯಲ್ಲಿ. ಬೆಂಗಳೂರೆಂದರೆ ನಾಲ್ಕು ನೂರು ಕಿ.ಮೀ.ಗೂ ಹೆಚ್ಚು ದೂರ, ಒಂದು ರಾತ್ರಿಯ ಪ್ರಯಾಣ. ಮೂರು ವರ್ಷ ಫೀ ಕಟ್ಟಿ ಓದಿಸಿದ ಮಗಳನ್ನು ಈ ಕೊನೆಯ ಹಂತದಲ್ಲಿ ಕಳಿಸಲು ಹಿಂಜರಿದು ಓದನ್ನೇ ನಿಲ್ಲಿಸಿದ ಮನೆಗಳುಂಟು. ಒಬ್ಬ ತಂದೆ ನನ್ನನ್ನು ಕೇಳಿದ್ದು ಹೀಗೆ: "ಸರ್, ರಾತ್ರಿ ಹುಡುಗಿ ಎಲ್ಲಿ ಇರ್ತಾಳ? ಏನಾರ ಆದ್ರ ಯಾರನ್ನ ಕೇಳಬೇಕು?" ಅದನ್ನು ಹಳೆಯ ಕಾಲದ ಮಾತು ಎಂದು ತಳ್ಳಿಹಾಕಬಾರದು. ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಬರಹದಲ್ಲಿ ಉತ್ತರ ಸಿಕ್ಕರೆ ಕಳಿಸಿರಿ, ಸಿಗದಿದ್ದರೆ ಬೇರೆ ಜಾಗ ಹುಡುಕಿರಿ. ಈ ಲೇಖನದ ಸಾರಾಂಶ ಇಷ್ಟೇ.

ಗುಳೆ ಬೇರೆ, ತರಬೇತಿ ಬೇರೆ

ನಮ್ಮ ಜಿಲ್ಲೆಯವರಿಗೆ ಗುಳೆ ಹೋಗುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮೇಸ್ತ್ರಿಯ ಬಾಯಿಮಾತನ್ನು ನಂಬಿ, ಮುಂಗಡ ಹಣ ಪಡೆದು, ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಕೂಲಿ ಎಷ್ಟು, ಇರುವುದೆಲ್ಲಿ, ಗಾಯವಾದರೆ ಯಾರು ನೋಡುತ್ತಾರೆ ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ. ಓದಿದ ಮಕ್ಕಳನ್ನೂ ಯಾರೋ ಫೋನಿನಲ್ಲಿ ಹೇಳಿದರೆಂದು ಕಳಿಸಿದರೆ ಅದೂ ಗುಳೆಯೇ ಆಗುತ್ತದೆ.

ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡುವ ವಿಚಾರ ಅದರಲ್ಲಿದೆ. ಹಣಕ್ಕೇ ಅಷ್ಟು ಎಚ್ಚರ ಬೇಕಾದರೆ ಮಕ್ಕಳ ವಿಷಯದಲ್ಲಿ ಬಾಯಿಮಾತು ಸಾಲದು.

ಕೈಯಲ್ಲಿ ಇರಬೇಕಾದ ಕಾಗದಗಳು

1. ಕಾಲೇಜಿನ ಪತ್ರ. ವಿದ್ಯಾರ್ಥಿಯನ್ನು ಯಾವ ಸಂಸ್ಥೆಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಕಳಿಸಲಾಗಿದೆ, ಕಾಲೇಜಿನ ಪರವಾಗಿ ವಿಚಾರಿಸಿಕೊಳ್ಳುವ ಉಪನ್ಯಾಸಕರು ಯಾರು ಎಂಬುದು ಅದರಲ್ಲಿರಬೇಕು.

2. ಸಂಸ್ಥೆಯ ಒಪ್ಪಿಗೆ ಪತ್ರ. ಕೆಲಸದ ಸ್ವರೂಪ, ವೇಳೆ, ವಾರದ ರಜೆ, ಭತ್ಯೆ, ಮೇಲ್ವಿಚಾರಕರ ಹೆಸರು ಸ್ಪಷ್ಟವಾಗಿರಲಿ. ಕಂಪನಿಯ ಹೆಸರೊಂದೇ ಸಾಲದು. ತರಬೇತಿ ನಡೆಯುವ ಕಟ್ಟಡದ ಪೂರ್ತಿ ವಿಳಾಸ ಬೇಕು.

3. ಅಪ್ರೆಂಟಿಸ್ ಆದರೆ ನೋಂದಾಯಿತ ಕರಾರು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕರಾರು ಕಡ್ಡಾಯ. ಮಗುವಿಗೆ 18 ತುಂಬಿರದಿದ್ದರೆ ಪೋಷಕರೇ ಸಹಿ ಮಾಡಬೇಕು. ಆದ್ದರಿಂದ ಓದಿಸಿ ಕೇಳಿ, ತಿಳಿದುಕೊಂಡು ಸಹಿ ಹಾಕಿರಿ. ಅಪಾಯಕಾರಿ ಉದ್ಯಮಗಳಿಗೆ 18ಕ್ಕಿಂತ ಕಡಿಮೆ ವಯಸ್ಸಿನವರನ್ನು ತೆಗೆದುಕೊಳ್ಳುವಂತಿಲ್ಲ.

4. ವಸತಿಯ ವಿವರ. ಹಾಸ್ಟೆಲ್ ಅಥವಾ ಪಿ.ಜಿ.ಯ ವಿಳಾಸ, ವಾರ್ಡನ್ ಅಥವಾ ಮಾಲೀಕರ ಹೆಸರು ಮತ್ತು ಫೋನ್, ಮುಂಗಡ ಹಣದ ರಸೀದಿ.

ಭತ್ಯೆ ಮತ್ತು ಗಾಯದ ಹೊಣೆ

2019ರ ತಿದ್ದುಪಡಿಯಲ್ಲಿ ಅಪ್ರೆಂಟಿಸ್‌ಗಳ ಕನಿಷ್ಠ ಮಾಸಿಕ ಭತ್ಯೆಯನ್ನು ಓದಿಗೆ ತಕ್ಕಂತೆ 5,000 ರೂ.ಗಳಿಂದ 9,000 ರೂ.ಗಳವರೆಗೆ ನಿಗದಿ ಮಾಡಲಾಯಿತು. ಡಿಪ್ಲೊಮಾದವರಿಗೆ 8,000 ರೂ., ಪದವೀಧರರಿಗೆ 9,000 ರೂ. ಇದಕ್ಕಿಂತ ಕಡಿಮೆ ಕೊಡುತ್ತೇವೆ ಎಂದರೆ ಕಾರಣ ಕೇಳಿರಿ. ಸರ್ಕಾರದ ಪಾಲು ನೇರವಾಗಿ ಬ್ಯಾಂಕಿಗೆ ಬರುವುದರಿಂದ ವಿದ್ಯಾರ್ಥಿಯ ಹೆಸರಿನಲ್ಲೇ ಆಧಾರ್ ಜೋಡಿಸಿದ ಖಾತೆ ಇರಬೇಕು.

ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಉದ್ಯೋಗದಾತರದು ಎಂದು ಇದೇ ಕಾಯಿದೆಯ 16ನೇ ಸೆಕ್ಷನ್ ಹೇಳುತ್ತದೆ. ಆದರೆ ಈ ರಕ್ಷಣೆ ಕರಾರು ಇರುವ ಅಪ್ರೆಂಟಿಸ್‌ಗಳಿಗೆ. ಕಾಲೇಜಿನ ಇಂಟರ್ನ್‌ಶಿಪ್‌ಗೆ ಹೋಗುವವರು ವಿಮೆ ಇದೆಯೇ ಎಂದು ಕಾಲೇಜನ್ನೂ ಸಂಸ್ಥೆಯನ್ನೂ ಕೇಳಬೇಕು. 18 ತುಂಬಿದವರು ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಬಹುದು. ವರ್ಷಕ್ಕೆ 20 ರೂ. ಕಂತು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂ.

ಹೆಣ್ಣುಮಕ್ಕಳ ತಂದೆ-ತಾಯಿಯರಿಗೆ

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಸಂಬಳ ಪಡೆಯುವವರಿಗಷ್ಟೇ ಅಲ್ಲ, ತರಬೇತಿಗೆ ಬಂದವರಿಗೂ ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಮೂರು ತಿಂಗಳು. ಸಮಿತಿಯ ಅಧ್ಯಕ್ಷೆ ಯಾರೆಂದು ಮೊದಲ ವಾರದಲ್ಲೇ ಮಗಳು ತಿಳಿದುಕೊಳ್ಳಲಿ. ಹಾಗೆ ಕೇಳುವುದು ಅನುಮಾನವಲ್ಲ, ಹಕ್ಕು.

ಮಗಳಿಗೆ ಇನ್ನೊಂದು ಮಾತನ್ನೂ ಹೇಳಿ ಕಳಿಸಿರಿ: "ಏನಾದರೂ ಆದರೆ ನಮಗೆ ಹೇಳು, ಓದು ಬಿಡಿಸುವುದಿಲ್ಲ." ಮನೆಗೆ ತಿಳಿದರೆ ವಾಪಸು ಕರೆಸಿಕೊಳ್ಳುತ್ತಾರೆಂಬ ಭಯದಿಂದ ಮಕ್ಕಳು ಸುಮ್ಮನಿರುತ್ತಾರೆ. ಆ ಮೌನವೇ ದೊಡ್ಡ ಅಪಾಯ.

ಸಾಧ್ಯವಾದರೆ ಇಬ್ಬರು ಮೂವರನ್ನು ಒಂದೇ ಊರಿಗೆ, ಒಂದೇ ವಸತಿಗೆ ಕಳಿಸಿರಿ. ಮೊದಲ ದಿನ ಮನೆಯವರೊಬ್ಬರು ಜೊತೆಗೆ ಹೋಗಿ ವಸತಿಯನ್ನೂ ಕೆಲಸದ ಜಾಗವನ್ನೂ ಕಣ್ಣಾರೆ ನೋಡಿ ಬರಲಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿದ್ದರೂ ಅದು ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೂ ಹೈದರಾಬಾದಿಗೂ ಹಣ ಇಟ್ಟುಕೊಳ್ಳಬೇಕು. ನಸುಕಿನಲ್ಲಿ ಇಳಿಯುವ ಬಸ್ಸಾದರೆ ಬೆಳಕು ಹರಿಯುವವರೆಗೆ ನಿಲ್ದಾಣದಲ್ಲೇ ಕಾಯಲಿ.

ಎಚ್ಚರಿಕೆಯ ಗುರುತುಗಳು

ತರಬೇತಿ ಕೊಡಲು ನೋಂದಣಿ ಹಣ ಕೇಳಿದರೆ, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆ ಎಂದರೆ, ವಿಳಾಸ ಕೊಡದೆ "ಬಸ್ ಇಳಿದು ಫೋನ್ ಮಾಡಿ" ಎಂದರೆ, ಅಲ್ಲಿಗೆ ಕಳಿಸಬೇಡಿರಿ. ನಕಲು ಪ್ರತಿಗಳನ್ನಷ್ಟೇ ಕೊಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಈ ನಾಲ್ಕನ್ನು ಫೋನಿನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಬರೆದುಕೊಡಿ. ಫೋನಿನ ಚಾರ್ಜ್ ಮುಗಿಯುತ್ತದೆ, ಚೀಟಿ ಮುಗಿಯುವುದಿಲ್ಲ.

ಹತ್ತಿರವೂ ಹುಡುಕಿರಿ

ದೂರ ಹೋಗುವುದೇ ದೊಡ್ಡದಲ್ಲ. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ನಿಯಮವಿದೆ. ನಮ್ಮ ಜಿಲ್ಲೆಯಲ್ಲೇ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಹಟ್ಟಿ ಚಿನ್ನದ ಗಣಿಯಂಥ ದೊಡ್ಡ ಸಂಸ್ಥೆಗಳಿವೆ. ಅವುಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ. ಇಲ್ಲಿ ಸಿಗದಿದ್ದಾಗ ದೂರದ ಮಾತು.

ದಾನಿಗಳಲ್ಲಿ ಮನವಿ

ವಿದ್ಯಾರ್ಥಿವೇತನವೆಂದರೆ ಕಾಲೇಜಿನ ಫೀ ಎಂದೇ ನಾವೆಲ್ಲ ಭಾವಿಸಿದ್ದೇವೆ. ತರಬೇತಿಗೆ ಹೊರಟ ಮಗುವಿಗೆ ಬೇಕಾಗುವುದು ಬೇರೆ: ಪಿ.ಜಿ.ಯ ಮುಂಗಡ, ಮೊದಲ ತಿಂಗಳ ಊಟ, ಜೊತೆಗೆ ಹೋಗುವ ತಾಯಿಯ ಅಥವಾ ತಂದೆಯ ಪ್ರಯಾಣ ಮತ್ತು ಒಂದು ದಿನದ ಕೂಲಿ ನಷ್ಟ. ಭತ್ಯೆ ಬರುವುದು ತಿಂಗಳು ತುಂಬಿದ ಮೇಲೆ. ಆ ಮೊದಲ ತಿಂಗಳನ್ನು ದಾಟಿಸಿದರೆ ಮೂರು ವರ್ಷ ನೀವು ಕೊಟ್ಟ ನೆರವು ದಡ ಸೇರುತ್ತದೆ. ದಾಟಿಸದಿದ್ದರೆ ಅಲ್ಲಿಯವರೆಗಿನ ಖರ್ಚೂ ಮಗುವಿನ ಶ್ರಮವೂ ಅರ್ಧಕ್ಕೇ ನಿಲ್ಲುತ್ತವೆ. ಹೀಗಾಗಿ ನಿಮ್ಮ ದೇಣಿಗೆಯ ಒಂದು ಪಾಲನ್ನು ಈ ಖರ್ಚಿಗೆಂದು ಗೊತ್ತುಮಾಡಿ ಕೊಡಬೇಕೆಂದು ವಿನಂತಿ.

ಈ ಸಾಲಿನಲ್ಲಿ ತರಬೇತಿಗೆ ಹೋಗುವ ಮಕ್ಕಳ ಕುಟುಂಬಗಳು ಅರ್ಜಿಯ ಜೊತೆ ಮೇಲಿನ ಕಾಗದಗಳ ಪ್ರತಿ ಲಗತ್ತಿಸಬೇಕು. ಒಂದು ಪ್ರತಿ ಮನೆಯಲ್ಲಿ, ಒಂದು ಟ್ರಸ್ಟಿನ ಕಚೇರಿಯಲ್ಲಿ ಇರಲಿ. ಕಾಗದ ಸಿಗುವುದು ತಡವಾದರೆ ಅಥವಾ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಸಂಕೋಚ ಬೇಡ, ಕಚೇರಿಗೆ ತನ್ನಿರಿ. ಕೂತು ಓದಿ ಹೇಳಲು ನಮ್ಮಂಥ ನಿವೃತ್ತ ಶಿಕ್ಷಕರಿದ್ದೇವೆ. ಎಲ್ಲ ಮಕ್ಕಳೂ ಕಲಿತು ಸುರಕ್ಷಿತವಾಗಿ ಮನೆಗೆ ಮರಳಲೆಂದು ದುಆ ಮಾಡೋಣ.